ಬಿಲ್ಲು ಯಾರ ಕೈಲಿ, ಗುರಿ ಯಾರ ಕಣ್ಣಲ್ಲಿ?



ಉದ್ದದ ಪೋಸ್ಟು ಇದು. ಬಿಲ್ಲು, ಬೇಟೆ, ಕಾನೂನು ಅಂತ ಶುರುವಾಗಿ ಕೊನೆಗೆ ನಮ್ಮ ಕಾಲೊನಿಗೇ ಬಂದು ನಿಲ್ಲುತ್ತೆ. ಪುರುಸೊತ್ತು ಮಾಡ್ಕೊಂಡು ಓದಿ.

ಹೋದ ತಿಂಗಳು ನಮ್ಮ ಓದುಬಳಗದ ಭಾನುವಾರದ ಸಭೆ ಮುಗಿದ ಮೇಲೆ ಒಬ್ಬ ಹುಡುಗ ಹಿಂದೆ ಉಳಿದ. ಡಿಗ್ರಿ ಎರಡನೇ ವರ್ಷ. ಮೊಬೈಲ್ ತೆಗೆದು ಒಂದು ವಿಡಿಯೊ ತೋರಿಸಿದ. ಅಮೆರಿಕದ ಯಾವನೋ ಮರದ ಮೇಲಿನ ಅಟ್ಟಣೆಯಲ್ಲಿ ಕೂತು ಕ್ರಾಸ್‌ಬೋದಲ್ಲಿ ಜಿಂಕೆ ಹೊಡೀತಿದ್ದ. ಮೇಲೆ ದುರ್ಬೀನಿನ ಥರ ಸ್ಕೋಪು, ಒಳಗೆ ಕೆಂಪು ಚುಕ್ಕಿ. "ಅಣ್ಣಾ, ಇಂಥದ್ದೊಂದು ಆನ್‌ಲೈನಲ್ಲಿ ಸಿಗುತ್ತೇನೋ ನೋಡ್ಬೇಕು. ಹಂದಿ ಕಾಟಕ್ಕೆ ಗದ್ದೆಯಲ್ಲಿ ಏನೂ ಉಳೀತಿಲ್ಲ. ಶಬ್ದ ಬರಲ್ಲ, ಯಾರಿಗೂ ಗೊತ್ತಾಗಲ್ಲ" ಅಂದ.

"ತಮ್ಮಾ, ಬೇಡ. ಸಿಕ್ಕಿಹಾಕ್ಕೊಂಡ್ರೆ ಡಿಗ್ರಿ ಅಲ್ಲಿಗೇ ಮುಗೀತು" ಅಂದೆ.

ಅವನು ಸುಮ್ಮನಾಗಲಿಲ್ಲ. "ಬಿಲ್ಲಿಗೂ ಕಾನೂನಾ ಅಣ್ಣಾ? ಯಾರು ಮಾಡಿದ್ದು ಈ ಕಾನೂನು? ನಮ್ಮನ್ನ ಕೇಳಿ ಮಾಡಿದ್ರಾ?"

ಅವತ್ತು ಅವನಿಗೆ ಸರಿಯಾಗಿ ಉತ್ತರ ಹೇಳೋಕಾಗಲಿಲ್ಲ. ಒಂದು ತಿಂಗಳು ಓದಿದೆ. ಓದಿದ್ದನ್ನ ಅವನಿಗೂ ನಿಮಗೂ ಸೇರಿಸಿ ಬರೀತಿದ್ದೀನಿ.

*

ಮೊದಲು ಈ ಆಯುಧ ಯಾವುದು ಅಂತ ತಿಳ್ಕೊಳ್ಳೋಣ.

ಕ್ರಾಸ್‌ಬೋ ಅಂದ್ರೆ ಅಡ್ಡಬಿಲ್ಲು. ಬಂದೂಕಿನ ಹಿಡಿಯಂಥ ಮರದ ದಿಮ್ಮಿಯ ಮೂತಿಗೆ ಬಿಲ್ಲನ್ನು ಅಡ್ಡಲಾಗಿ ಕೂರಿಸಿರ್ತಾರೆ. ಹೆದೆ ಎಳೆದು ಒಂದು ಕೊಕ್ಕೆಗೆ ಸಿಕ್ಕಿಸಿ, ಗಿಡ್ಡ ಬಾಣ ಇಟ್ಟು, ಗುರಿ ನೋಡಿ ಕುದುರೆ ಎಳೆದ್ರೆ ಆಯ್ತು. ಮಾಮೂಲಿ ಬಿಲ್ಲಿನಲ್ಲಿ ಹೆದೆ ಎಳೆದು ಹಿಡಿದುಕೊಂಡೇ ಗುರಿ ನೋಡಬೇಕು. ತೋಳು ನಡುಗುತ್ತೆ, ಉಸಿರು ಕಟ್ಟುತ್ತೆ, ವರ್ಷಗಟ್ಟಲೆ ಅಭ್ಯಾಸ ಬೇಕು. ಅಡ್ಡಬಿಲ್ಲಿನಲ್ಲಿ ಆ ಭಾರವನ್ನ ಕೊಕ್ಕೆ ಹೊರುತ್ತೆ, ನಿಮ್ಮ ಕಣ್ಣು ನಿಧಾನವಾಗಿ ಗುರಿ ನೋಡುತ್ತೆ. ಕೆಲವೇ ದಿನದಲ್ಲಿ ಕಲೀಬಹುದು.

ವರ್ಷಗಟ್ಟಲೆ ಕಲಿಯಬೇಕಾದ ವಿದ್ಯೆಯನ್ನ ಸಾಮಾನ್ಯ ಮನುಷ್ಯ ಕೆಲವೇ ದಿನದಲ್ಲಿ ಕಲಿತುಬಿಡೋದು ಸಾವಿರಾರು ವರ್ಷ ಆಳುವವರ ನಿದ್ದೆ ಕೆಡಿಸಿದೆ.

ಚೀನಾದವರು ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಇದಕ್ಕೆ ಕಂಚಿನ ಕುದುರೆ ಮಾಡಿದ್ದರು. ಅದರ ಮೇಲೆ ಎದ್ದು ನಿಂತ ಒಂದು ತುಂಡು, ಅದೇ ಗುರಿ ನೋಡುವ ಸೈಟು. ಅದರ ಹೆಸರು ವಾಂಗ್‌ಷಾನ್, ಅಂದ್ರೆ ಹೆಚ್ಚೂಕಡಿಮೆ 'ನೋಡುವ ಬೆಟ್ಟ'. ಕೆಲವದರ ಮೇಲೆ ಅಳತೆಪಟ್ಟಿಯ ಹಾಗೆ ಗೀಟುಗಳೂ ಇವೆ. ದೂರ ಹೆಚ್ಚಾದಷ್ಟೂ ಬಾಣ ಕೆಳಗಿಳಿಯುತ್ತೆ, ಅದಕ್ಕೆ ತಕ್ಕಂತೆ ಮೂತಿ ಎತ್ತಬೇಕು. ಇವತ್ತಿನ ಸ್ಕೋಪಿನೊಳಗೆ 20 ಗಜಕ್ಕೊಂದು, 30ಕ್ಕೊಂದು, 40ಕ್ಕೊಂದು ಅಂತ ಇರೋ ಗೀಟುಗಳು ಮಾಡೋದೂ ಅದೇ ಕೆಲಸ.

ಯುರೋಪಿನಲ್ಲಿ ಮಧ್ಯಯುಗದ ಎಷ್ಟೋ ಅಡ್ಡಬಿಲ್ಲುಗಳಿಗೆ ಸೈಟೇ ಇರಲಿಲ್ಲ. ಹಾಗಾದ್ರೆ ಗುರಿ ಹೇಗೆ? ದಿಮ್ಮಿಯ ಮೇಲೆ ಹೆಬ್ಬೆರಳು ಇಟ್ಕೊಂಡು, ಬೆರಳಿನ ಗೆಣ್ಣನ್ನೂ ಬಾಣದ ತುದಿಯನ್ನೂ ಒಂದೇ ಸಾಲಿಗೆ ತಂದು ನೋಡ್ತಿದ್ದರು. ಹೆಬ್ಬೆರಳೇ ಸೈಟು.

ಇದನ್ನ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ನನ್ನ ಬೆರಳನ್ನೇ ನೋಡ್ಕೊಂಡು ಕೂತೆ. ಯಾಕೆ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಏಕಲವ್ಯನ ವಿಚಾರಕ್ಕೆ ಕೊನೆಯಲ್ಲಿ ಬರ್ತೀನಿ.

*

ಇದೇ ಚೀನಾದಲ್ಲಿ ಕ್ರಿ.ಪೂ. 120ರ ದಶಕದಲ್ಲಿ ಒಂದು ಚರ್ಚೆ ನಡೀತು. ಹಾನ್ ವಂಶದ ಚಕ್ರವರ್ತಿ ವೂ ಆಳ್ತಿದ್ದ ಕಾಲ. ಮಂತ್ರಿ ಗೊಂಗ್‌ಸುನ್ ಹೊಂಗ್ ಒಂದು ಸಲಹೆ ಇಟ್ಟ: ಜನಸಾಮಾನ್ಯರು ಬಿಲ್ಲನ್ನೂ ಅಡ್ಡಬಿಲ್ಲನ್ನೂ ಇಟ್ಕೊಳ್ಳಬಾರದು. ಅವನ ಕಾರಣ ಏನು? ಹತ್ತು ಜನ ಕಳ್ಳರು ಅಡ್ಡಬಿಲ್ಲು ಎಳೆದು ನಿಂತರೆ ನೂರು ಜನ ಅಧಿಕಾರಿಗಳು ಮುಂದೆ ಹೋಗೋಕೆ ಹೆದರ್ತಾರೆ ಅಂತ.

ಆಸ್ಥಾನದಲ್ಲಿದ್ದ ವುಚಿಯು ಷೌವಾಂಗ್ ಅನ್ನೋನು ಎದುರು ವಾದ ಮಾಡಿದ. ಕಳ್ಳ ನಿಮ್ಮ ಕಾನೂನು ಕೇಳಲ್ಲ, ಆಯುಧ ಹೋಗೋದು ಒಳ್ಳೇ ಜನರ ಕೈಯಿಂದ ಮಾತ್ರ. ಬಿಲ್ವಿದ್ಯೆಯ ಆಚರಣೆ ಚಕ್ರವರ್ತಿಯಿಂದ ಹಿಡಿದು ಸಾಮಾನ್ಯನವರೆಗೂ ಎಲ್ಲರದ್ದು ಅಂದ. ಮಂತ್ರಿ ಸೋತ, ನಿಷೇಧ ಬರಲಿಲ್ಲ.

ನೋಡಿ, ಎರಡು ಸಾವಿರದ ನೂರು ವರ್ಷದ ಹಿಂದೆಯೇ ಚರ್ಚೆ ಪ್ರಾಣಿ ಬಗ್ಗೆ ಇರಲಿಲ್ಲ, ಬಿಲ್ಲಿನ ಬಗ್ಗೆಯೂ ಇರಲಿಲ್ಲ. ಅದು ಯಾರ ಕೈಲಿದೆ ಅನ್ನೋದೇ ಚರ್ಚೆ.

1139ರಲ್ಲಿ ರೋಮಿನಲ್ಲಿ ಎರಡನೇ ಲ್ಯಾಟೆರನ್ ಧರ್ಮಸಭೆ ಸೇರಿತು. ಅಡ್ಡಬಿಲ್ಲಿನವರ ಮತ್ತು ಬಿಲ್ಲುಗಾರರ ವಿದ್ಯೆ ದೇವರಿಗೆ ಇಷ್ಟವಿಲ್ಲದ್ದು, ಅದನ್ನು ಕ್ರೈಸ್ತರ ಮೇಲೆ ಬಳಸಿದವರಿಗೆ ಬಹಿಷ್ಕಾರ ಅಂತ ತೀರ್ಮಾನ ಆಯ್ತು. 'ಕ್ರೈಸ್ತರ ಮೇಲೆ' ಅನ್ನೋದನ್ನ ಗಮನಿಸಿ. ಬೇರೆಯವರ ಮೇಲೆ ಬಳಸಿದರೆ ಏನು ಅಂತ ಆ ಸಾಲು ಹೇಳಲ್ಲ. ನಿಯಮ ಎಷ್ಟೇ ಧರ್ಮದ ಮಾತಾಡಿದರೂ ಅದರೊಳಗೆ ನಮ್ಮವರು, ಹೊರಗಿನವರು ಅನ್ನೋ ಗೆರೆ ಇತ್ತು. ಆ ನಿಷೇಧವನ್ನ ರಾಜರುಗಳು ಅಷ್ಟಾಗಿ ಕೇಳಲೂ ಇಲ್ಲ, ಅದು ಬೇರೆ ಮಾತು.

*

ಈಗ ಇಂಗ್ಲೆಂಡಿಗೆ ಬನ್ನಿ. ನಮ್ಮ ದೇಶದ ಬೇಟೆ ಕಾನೂನುಗಳ ತವರುಮನೆ ಅದು.

1381ರಲ್ಲಿ ಅಲ್ಲಿ ರೈತರು ದಂಗೆ ಎದ್ದರು. ಲಂಡನ್ನಿಗೇ ನುಗ್ಗಿದರು. ದಂಗೆ ಅಡಗಿಸಿ ಒಂಬತ್ತು ವರ್ಷಕ್ಕೆ, 1390ರಲ್ಲಿ, ಒಂದು ಬೇಟೆ ಕಾನೂನು ಬಂತು. ವರ್ಷಕ್ಕೆ 40 ಷಿಲ್ಲಿಂಗ್ ಆದಾಯದ ಜಮೀನು ಇಲ್ಲದವನು ಬೇಟೆನಾಯಿ ಸಾಕಬಾರದು, ಬಲೆ ಹಾಕಬಾರದು. ಜಿಂಕೆ, ಮೊಲ ಹಿಡೀಬಾರದು. ಹಿಡಿದರೆ ಒಂದು ವರ್ಷ ಜೈಲು. ಕಾರಣವನ್ನ ಕಾನೂನಿನ ಪೀಠಿಕೆಯಲ್ಲೇ ಬರೆದಿದ್ದಾರೆ. ಕೂಲಿಗಳು, ಕುಶಲಕರ್ಮಿಗಳು, ಆಳುಗಳು ಹಬ್ಬದ ದಿನ ಒಳ್ಳೇ ಕ್ರೈಸ್ತರೆಲ್ಲ ಚರ್ಚಿನಲ್ಲಿರುವಾಗ ನಾಯಿ ಕಟ್ಟಿಕೊಂಡು ಬೇಟೆಗೆ ಹೋಗ್ತಾರೆ, ಆ ನೆಪದಲ್ಲಿ ಗುಂಪು ಸೇರಿ ಮಾತಾಡಿ ಪಿತೂರಿ ಮಾಡ್ತಾರೆ!

ಅಂದ್ರೆ ಜಿಂಕೆ ಸಾಯುತ್ತೆ ಅನ್ನೋ ಚಿಂತೆಗಿಂತ ಕೂಲಿಗಳು ಒಂದು ಕಡೆ ಸೇರ್ತಾರೆ ಅನ್ನೋ ಚಿಂತೆ ಜಾಸ್ತಿ. ನಮ್ಮ ಕಾಲೊನಿಯಲ್ಲಿ ನಾಲ್ಕು ಜನ ಸೇರಿ ಅಂಬೇಡ್ಕರ್ ಜಯಂತಿ ಮೀಟಿಂಗ್ ಮಾಡಿದರೆ ಊರೊಳಗೆ ಪಿಸುಪಿಸು ಶುರುವಾಗುತ್ತಲ್ಲ, ಆ ಭಯಕ್ಕೆ ಆರು ನೂರು ವರ್ಷದ ವಯಸ್ಸಾದರೂ ಇದೆ.

1541ರಲ್ಲಿ ಎಂಟನೇ ಹೆನ್ರಿಯ ಸರದಿ. ಅಡ್ಡಬಿಲ್ಲು ಮತ್ತು ಕೈಬಂದೂಕಿನ ಮೇಲೇ ಕಾನೂನು. ವರ್ಷಕ್ಕೆ 100 ಪೌಂಡ್ ಆದಾಯದ ಆಸ್ತಿ ಇಲ್ಲದವನು ಅಡ್ಡಬಿಲ್ಲು ಹೊಡೆಯೋದಿರಲಿ, ಮನೆಯಲ್ಲಿ ಇಟ್ಟುಕೊಳ್ಳೋ ಹಾಗೂ ಇಲ್ಲ. ಇಟ್ಟರೆ 10 ಪೌಂಡ್ ದಂಡ. ಆ ಕಾಲಕ್ಕೆ 10 ಪೌಂಡ್ ಅಂದ್ರೆ ಕೂಲಿಯವನ ಒಂದು ವರ್ಷದ ದುಡಿಮೆಗಿಂತ ಜಾಸ್ತಿ.

ಅದೇ ಪಾರ್ಲಿಮೆಂಟು ಇನ್ನೊಂದು ಕಾನೂನನ್ನೂ ಮಾಡಿತು. ಅರವತ್ತು ವರ್ಷದೊಳಗಿನ ಗಂಡಸರು ಮನೆಯಲ್ಲಿ ಉದ್ದಬಿಲ್ಲು ಇಟ್ಟುಕೊಂಡು ಅಭ್ಯಾಸ ಮಾಡಲೇಬೇಕು. ಪಗಡೆ ಬೇಡ, ಚೆಂಡಾಟ ಬೇಡ, ಬಿಲ್ಲು ಹಿಡಿ. ಯಾಕೆಂದರೆ ರಾಜನ ಯುದ್ಧಕ್ಕೆ ಬಿಲ್ಲುಗಾರರು ಬೇಕು. ಎರಡು ಕಾನೂನನ್ನೂ ಪಕ್ಕಪಕ್ಕ ಇಟ್ಟು ಓದಿ. ನಿನ್ನ ತೋಳು ನನ್ನ ಯುದ್ಧಕ್ಕೆ ಬೇಕು, ಆದರೆ ನಿನ್ನ ಹೊಟ್ಟೆಗೆ ಅಂತ ಮೊಲ ಹೊಡೆಯೋ ಆಯುಧ ನಿನ್ನ ಕೈಲಿರಬಾರದು.

ಇದು ನಮಗೆ ಹೊಸದೇನಲ್ಲ. 1818ರಲ್ಲಿ ಕೋರೆಗಾಂವ್‌ನಲ್ಲಿ ಮಹಾರ್ ಸೈನಿಕರ ತೋಳು ಕಂಪನಿಗೆ ಬೇಕಾಗಿತ್ತು. 1890ರ ದಶಕದಲ್ಲಿ ಅದೇ ಬ್ರಿಟಿಷರು ಮಹಾರರನ್ನ ಸೈನ್ಯಕ್ಕೆ ಸೇರಿಸಿಕೊಳ್ಳೋದನ್ನೇ ನಿಲ್ಲಿಸಿದರು. ಬಾಬಾಸಾಹೇಬರ ತಂದೆ ಸುಬೇದಾರ್ ಆಗಿದ್ದವರು. ಸೈನ್ಯದ ಬಾಗಿಲು ಮುಚ್ಚೋದು ಅಂದ್ರೆ ಏನು ಅಂತ ಆ ಮನೆಗೆ ಗೊತ್ತಿತ್ತು.

1671ರಲ್ಲಿ ಇಂಗ್ಲೆಂಡ್ ಇನ್ನೂ ಬಿಗಿ ಮಾಡಿತು. ಬೇಟೆಯಾಡೋಕೆ ವರ್ಷಕ್ಕೆ 100 ಪೌಂಡಿನ ಸ್ವಂತ ಜಮೀನು ಬೇಕು. ಆ ಕಾಲದಲ್ಲಿ ಪಾರ್ಲಿಮೆಂಟಿಗೆ ಓಟು ಹಾಕೋಕೆ 40 ಷಿಲ್ಲಿಂಗ್, ಅಂದ್ರೆ 2 ಪೌಂಡಿನ ಜಮೀನು ಸಾಕಿತ್ತು. ಲೆಕ್ಕ ಹಾಕಿ: ದೇಶದ ಸರ್ಕಾರ ಆರಿಸೋದಕ್ಕಿಂತ ಒಂದು ಕವುಜುಗ ಹೊಡೆಯೋಕೆ ಐವತ್ತು ಪಟ್ಟು ಯೋಗ್ಯತೆ ಬೇಕು! ಬ್ಲ್ಯಾಕ್‌ಸ್ಟೋನ್ ಅನ್ನೋ ದೊಡ್ಡ ಕಾನೂನು ಪಂಡಿತನೇ ಇದನ್ನ ಎತ್ತಿ ತೋರಿಸಿ ಲೇವಡಿ ಮಾಡಿದ್ದ. ಜಮೀನಿನಲ್ಲಿ ಉಳುಮೆ ಮಾಡೋ ರೈತ, ತನ್ನ ಬೆಳೆ ತಿನ್ನೋ ಮೊಲವನ್ನೇ ಮುಟ್ಟೋ ಹಾಗಿರಲಿಲ್ಲ. 1723ರ 'ಬ್ಲ್ಯಾಕ್ ಆಕ್ಟ್' ಬಂದಮೇಲಂತೂ ಮುಖಕ್ಕೆ ಮಸಿ ಬಳಕೊಂಡು ಆಯುಧ ಹಿಡಿದು ಕಾಡಿನಲ್ಲಿ ಕಂಡರೆ ಗಲ್ಲು. ಆಸ್ತಿ ಇದ್ದವನಿಗೆ ಮಾತ್ರ ಬೇಟೆ ಅನ್ನೋ ಷರತ್ತು ಹೋಗಿದ್ದು 1831ರಲ್ಲಿ.

ಇನ್ನೊಂದು ಕಾನೂನು ನೋಡಿ, ಅದೇ ದೇಶದ್ದು, 1981ರದು. ಬಿಲ್ಲಿನಿಂದಾಗಲಿ ಅಡ್ಡಬಿಲ್ಲಿನಿಂದಾಗಲಿ ಕಾಡುಪ್ರಾಣಿ, ಕಾಡುಹಕ್ಕಿ ಕೊಲ್ಲೋ ಹಾಗಿಲ್ಲ. ಹಕ್ಕಿಗಳಿಗೂ ಪಟ್ಟಿಯಲ್ಲಿರೋ ಪ್ರಾಣಿಗಳಿಗೂ ರಾತ್ರಿ ಹೊತ್ತು ಗುರಿ ನೋಡೋ ಸೈಟು ಬಳಸಬಾರದು, ಬೆಳಕು ಬಿಟ್ಟು ಕಣ್ಣು ಕೋರೈಸಿ ಹೊಡೀಬಾರದು. ಇದರಲ್ಲಿ 100 ಪೌಂಡಿನ ಮಾತಿಲ್ಲ. ಲಾರ್ಡಿಗೂ ಅದೇ, ಅವನ ತೋಟದ ಮಾಲಿಗೂ ಅದೇ.

1541ರದ್ದೂ ಅಡ್ಡಬಿಲ್ಲಿನ ನಿರ್ಬಂಧ, 1981ರದ್ದೂ ಅಡ್ಡಬಿಲ್ಲಿನ ನಿರ್ಬಂಧ. ಮೊದಲನೆಯದು 'ನೀನು ಯಾರು' ಅಂತ ಕೇಳುತ್ತೆ. ಎರಡನೆಯದು 'ನೀನು ಏನು ಮಾಡ್ತಿದ್ದೀಯ' ಅಂತ ಕೇಳುತ್ತೆ. ನನ್ನ ಇಡೀ ಪೋಸ್ಟಿನ ತಿರುಳು ಇಷ್ಟೇ.

*

ಈಗ ಹುಡುಗ ತೋರಿಸಿದ ವಿಡಿಯೊದ ದೇಶ, ಅಮೆರಿಕ.

ಅಲ್ಲಿ ಬೇಟೆಗೆ ಒಂದು ನೀತಿ ಇದೆ, 'ನ್ಯಾಯದ ಬೇಟೆ' ಅಂತ ಇಟ್ಕೊಳ್ಳಿ. ಪ್ರಾಣಿಗೆ ತಪ್ಪಿಸಿಕೊಳ್ಳೋ ಅವಕಾಶ ಇರಬೇಕು ಅನ್ನೋದು ಅದರ ಸಾರ. 1887ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಮತ್ತು ಗೆಳೆಯರು ಕಟ್ಟಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ಬು ಈ ನೀತಿಯನ್ನ ಹರಡಿತು. ಕಾಡೆಮ್ಮೆಗಳ ಹಿಂಡುಗಳನ್ನೇ ಕೊಂದು ಮುಗಿಸಿದ್ದ ಕಾಲ. ಕೋಟಿಗಟ್ಟಲೆ ಇದ್ದ ಪ್ಯಾಸೆಂಜರ್ ಪಾರಿವಾಳದ ಕೊನೆಯದು 1914ರಲ್ಲಿ ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು. ಕಾನೂನು ಬೇಕಿತ್ತು, ಇಲ್ಲ ಅನ್ನಲ್ಲ.

ಆದರೆ ಅಲ್ಲಿ ಆ ನೀತಿಯ ಜೊತೆಜೊತೆಗೇ ಏನೇನು ಬಂತು ನೋಡಿ. ಗುಲಾಮಗಿರಿ ಹೋದ 1865ರಲ್ಲೇ ಮಿಸಿಸಿಪಿ ರಾಜ್ಯ ಕಪ್ಪುಜನ ಬಂದೂಕು, ಮದ್ದುಗುಂಡು, ಬೇಟೆಚಾಕು ಇಟ್ಟುಕೊಳ್ಳಬಾರದು ಅಂತ ಕಾನೂನು ಮಾಡಿತು. ಬಿಡುಗಡೆ ಆದವನು ಕಾಡಿನಿಂದ ಒಂದು ಹೊತ್ತಿನ ಊಟ ತಂದುಬಿಟ್ಟರೆ ಹತ್ತಿ ಹೊಲಕ್ಕೆ ಅಗ್ಗದ ಕೂಲಿಗೆ ಯಾಕೆ ಬರ್ತಾನೆ? 1896ರಲ್ಲಿ, ಒಪ್ಪಂದದ ಪ್ರಕಾರ ಬೇಟೆಯ ಹಕ್ಕಿದ್ದ ಬ್ಯಾನಕ್ ಮೂಲನಿವಾಸಿಗೆ ವಯೋಮಿಂಗ್ ರಾಜ್ಯದ ಕಾನೂನೇ ದೊಡ್ಡದು ಅಂತ ಸುಪ್ರೀಂ ಕೋರ್ಟು ಹೇಳಿತು. ಆ ತೀರ್ಪಿನ ವಾದವನ್ನ ಅದೇ ಕೋರ್ಟು ತಳ್ಳಿಹಾಕಿದ್ದು 2019ರಲ್ಲಿ, ಕ್ರೋ ಬುಡಕಟ್ಟಿನ ಬೇಟೆಗಾರ ಹೆರೆರಾ ಪ್ರಕರಣದಲ್ಲಿ. ನೂರ ಇಪ್ಪತ್ತಮೂರು ವರ್ಷ ಬೇಕಾಯ್ತು.

1909ರಲ್ಲಿ ಪೆನ್ಸಿಲ್ವೇನಿಯಾ ರಾಜ್ಯ, ಪೌರತ್ವ ಸಿಗದ ವಿದೇಶಿ ಮೂಲದವರು ಬೇಟೆ ಆಡಬಾರದು, ಅದಕ್ಕಾಗಿ ಬಂದೂಕು ಇಟ್ಕೊಳ್ಳಬಾರದು ಅಂತ ಕಾನೂನು ಮಾಡಿತು. ಕಾರಣ ವನ್ಯಜೀವಿ ರಕ್ಷಣೆ! ಪ್ಯಾಟ್ಸೋನ್ ಅನ್ನೋ ಇಟಲಿಯವನು ಸುಪ್ರೀಂ ಕೋರ್ಟಿನ ತನಕ ಹೋಗಿ 1914ರಲ್ಲಿ ಸೋತ. ಒಂದು ವರ್ಗದ ಜನರಿಂದಲೇ ಕೇಡು ಜಾಸ್ತಿ ಅಂತ ರಾಜ್ಯಕ್ಕೆ ಅನುಭವದಿಂದ ಅನ್ನಿಸಿದರೆ ಅವರನ್ನ ಬೇರೆ ಮಾಡಿ ನಿಯಮ ಮಾಡಬಹುದು ಅನ್ನೋದು ಕೋರ್ಟಿನ ತರ್ಕ. ಪ್ರಾಣಿಗಳ ಹೆಸರಲ್ಲಿ ಇಡೀ ಒಂದು ಜನವನ್ನೇ ಅನುಮಾನದ ಪಟ್ಟಿಗೆ ಸೇರಿಸಿದ್ರು. ನಮ್ಮಲ್ಲಿ 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಹುಟ್ಟಿದ ಕೂಡಲೇ ಮಗುವನ್ನೂ ಅನುಮಾನದ ಪಟ್ಟಿಗೆ ಸೇರಿಸಿದ ಹಾಗೆ.

*

ಇನ್ನು ಅಡ್ಡಬಿಲ್ಲು ಮತ್ತು ಅದರ ಸೈಟಿನ ವಿಚಾರ. ನನಗೆ ಅತೀ ಹೆಚ್ಚು ಕಲಿಸಿದ್ದು ಈ ಭಾಗ.

ಅಮೆರಿಕದ ರಾಜ್ಯಗಳಲ್ಲಿ ಬಂದೂಕಿನ ಬೇಟೆಗೆ ಒಂದು ಋತು, ಬಿಲ್ಲಿನ ಬೇಟೆಗೆ ಬೇರೆ ಋತು. ಬಿಲ್ಲಿನವರಿಗೆ ಸಾಮಾನ್ಯವಾಗಿ ಹೆಚ್ಚು ದಿನ ಸಿಗುತ್ತೆ, ಯಾಕೆಂದರೆ ಬಿಲ್ಲಿಗೆ ಪ್ರಾಣಿ ಸಿಗೋದು ಕಷ್ಟ. ಅಡ್ಡಬಿಲ್ಲನ್ನ ಈ ಋತುವಿಗೆ ಸೇರಿಸಬೇಕಾ ಅಂತ ಐವತ್ತು ವರ್ಷದಿಂದ ಜಗಳ. ಓಹಿಯೋ 1970ರ ದಶಕದಲ್ಲೇ ಬಿಟ್ಟುಕೊಟ್ಟಿತು. ಒರೆಗಾನ್ ಇವತ್ತಿಗೂ ಅಡ್ಡಬಿಲ್ಲಿನ ಬೇಟೆ ಬೇಡ ಅನ್ನುತ್ತೆ. ಅನೇಕ ರಾಜ್ಯಗಳಲ್ಲಿ ಮೊದಮೊದಲು ಅದು ಸಿಕ್ಕಿದ್ದು ವಿಕಲಚೇತನರಿಗೆ ಮಾತ್ರ, ಅಂದ್ರೆ ಭುಜ ಮುರಿದವರು, ಕೈ ಸ್ವಾಧೀನ ಇಲ್ಲದವರು, ಹೆದೆ ಎಳೆದು ಹಿಡಿಯೋಕಾಗದವರಿಗೆ.

ಸೈಟಿನ ಮೇಲೂ ಒಂದೊಂದು ಕಡೆ ಒಂದೊಂದು ನಿಯಮ. ಪ್ರಾಣಿ ಮೈಮೇಲೆ ಲೇಸರ್ ಬೆಳಕು ಬಿಡೋ ಸೈಟು ಎಷ್ಟೋ ರಾಜ್ಯಗಳಲ್ಲಿ ಬೇಡ. ಬಿಲ್ಲಿಗೆ ಬ್ಯಾಟರಿ ಉಪಕರಣ ಹಾಕೋದಕ್ಕೆ ಪಶ್ಚಿಮದ ಕೆಲವು ರಾಜ್ಯಗಳು ಬಹಳ ಕಾಲದಿಂದ ಕಡಿವಾಣ ಹಾಕಿವೆ. ವಾದ ಎರಡೂ ಕಡೆ ಇದೆ. ಒಳ್ಳೇ ಸ್ಕೋಪಿದ್ದರೆ ಏಟು ಸರಿಯಾದ ಜಾಗಕ್ಕೆ ಬಿದ್ದು ಪ್ರಾಣಿ ನರಳದೆ ಸಾಯುತ್ತೆ ಅನ್ನೋರು ಒಂದು ಕಡೆ. ಸ್ಕೋಪು ಕೊಟ್ಟರೆ ದೂರದಿಂದ ಹೊಡೆಯೋ ಆಸೆ ಹುಟ್ಟುತ್ತೆ ಅನ್ನೋರು ಇನ್ನೊಂದು ಕಡೆ. ಬಾಣ ಗುಂಡಿನಷ್ಟು ಬೇಗ ಹೋಗಲ್ಲ. ಹೆದೆಯ ಸದ್ದಿಗೆ ಜಿಂಕೆ ಬೆಚ್ಚಿ ಕುಗ್ಗುತ್ತೆ, ಏಟು ಜಾಗ ತಪ್ಪುತ್ತೆ, ಗಾಯ ಆಗಿ ಓಡಿಹೋಗಿ ಎಲ್ಲೋ ಸಾಯುತ್ತೆ ಅಂತಾರೆ ಅವರು. ನನಗೆ ಎರಡೂ ನಿಜ ಅನ್ನಿಸುತ್ತೆ. ಇದು ಮರ್ಯಾದೆಯ ಚರ್ಚೆ, ಯಾಕೆಂದರೆ ಇದು ಪ್ರಾಣಿಯ ನೋವಿನ ಬಗ್ಗೆ.

ಆದರೆ ಉದ್ದಬಿಲ್ಲಿನವರಲ್ಲಿ ಕೆಲವರ ಇನ್ನೊಂದು ವಾದ ಇದೆ. ಅದನ್ನ ಓದುವಾಗ ಎಲ್ಲೋ ಕೇಳಿದ ಹಾಗಿದೆಯಲ್ಲ ಅನ್ನಿಸಿತು. ನಾವು ವರ್ಷಗಟ್ಟಲೆ ಬೆವರು ಸುರಿಸಿ ಕಲಿತದ್ದು. ಇವರು ಅಂಗಡಿಯಿಂದ ತಂದು ಒಂದೇ ವಾರಕ್ಕೆ ನಮ್ಮ ಸಾಲಲ್ಲಿ ನಿಲ್ತಾರೆ. ಇವರದ್ದು ಬಿಲ್ವಿದ್ಯೆಯೇ ಅಲ್ಲ.

ಮೆರಿಟ್ಟು!

ಮೀಸಲಾತಿ ಸೀಟಲ್ಲಿ ಓದಿದ ಪ್ರತಿಯೊಬ್ಬರಿಗೂ ಈ ದನಿ ಪರಿಚಯ. ಪ್ರಾಣಿಗಳ ಸಂಖ್ಯೆ ಕಮ್ಮಿಯಾಗುತ್ತೆ ಅನ್ನೋದು ವಾದ, ಅದಕ್ಕೆ ಲೆಕ್ಕ ಇಟ್ಟು ಉತ್ತರ ಹುಡುಕಬಹುದು. 'ನೀನು ನನ್ನಷ್ಟು ಕಷ್ಟಪಟ್ಟಿಲ್ಲ, ಅದಕ್ಕೆ ನೀನು ನನ್ನ ಪಕ್ಕ ನಿಲ್ಲಬಾರದು' ಅನ್ನೋದು ವಾದ ಅಲ್ಲ, ಗೋಡೆ. ವರ್ಷಗಟ್ಟಲೆ ಅಭ್ಯಾಸಕ್ಕೆ ವರ್ಷಗಟ್ಟಲೆ ಬಿಡುವು ಬೇಕು, ಗಟ್ಟಿ ಭುಜ ಬೇಕು, ಕಲಿಸೋರು ಬೇಕು. ಅದೆಲ್ಲ ಇದ್ದವನು ಅದನ್ನ ಬರೀ ತನ್ನ ಬೆವರು ಅಂತ ಕರೀತಾನೆ. ಭುಜ ಮುರಿದವನಿಗೆ ಅಡ್ಡಬಿಲ್ಲು ಕೊಟ್ಟ ನಿಯಮ ಆ ಮನುಷ್ಯನನ್ನ ಸಾಲಿಗೆ ಸೇರಿಸಿತು ಅಷ್ಟೇ. ಅದರಿಂದ ಯಾರ ಬಿಲ್ಲೂ ಮುರೀಲಿಲ್ಲ.

*

ಈಗ ನಮ್ಮ ನೆಲ.

1857ರಲ್ಲಿ ಬ್ರಿಟಿಷರು ಆಯುಧಗಳನ್ನ ದಾಖಲೆ ಮಾಡಿಸಿ, ಒಪ್ಪಿಸಿ ಅಂತ ಕಾನೂನು ತಂದರು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಕೊಡಲ್ಲ ಅಂದರು. ಅವರಿಗೆ ಆಯುಧ ಅಂದ್ರೆ ಅನ್ನ. ನವೆಂಬರ್ ಕೊನೆಗೆ ಸೈನ್ಯ ನುಗ್ಗಿತು, ಊರಿಗೆ ಬೆಂಕಿ ಬಿತ್ತು. ಮುಧೋಳದಲ್ಲೂ ಹಲಗಲಿಯಲ್ಲೂ ಸೇರಿ 19 ಜನರನ್ನ ನೇಣಿಗೆ ಹಾಕಿದರು. ಸಂತೆಯ ದಿನ ಜನ ನೋಡಲಿ ಅಂತಲೇ ಹಾಕಿದರು. ಅವರ ಲಾವಣಿಯನ್ನ ನಾವು ಶಾಲೆಯಲ್ಲಿ ಓದಿದ್ದೀವಿ, ಆದರೆ ಅದು ಒಂದು ಆಯುಧ ಕಾನೂನಿನ ವಿರುದ್ಧದ ಹೋರಾಟ ಅಂತ ಎಷ್ಟು ಮೇಷ್ಟ್ರುಗಳು ಒತ್ತಿ ಹೇಳಿದರು?

ಆಮೇಲೆ 1878ರ ಆಯುಧ ಕಾಯ್ದೆ. ಭಾರತೀಯನಿಗೆ ಲೈಸೆನ್ಸು, ಯುರೋಪಿಯನ್ನರಿಗೆ ವಿನಾಯಿತಿ. ಅದೇ ವರ್ಷದ ಅರಣ್ಯ ಕಾಯ್ದೆ ಬಂದು, ಮೀಸಲು ಅರಣ್ಯದಲ್ಲಿ ಬೇಟೆ, ಉರುಳು ಎಲ್ಲಕ್ಕೂ ಸರ್ಕಾರದ ನಿಯಮ. ಅದೇ ಕಾಡಲ್ಲಿ ಸಾಹೇಬರೂ ಮಹಾರಾಜರೂ ಹುಲಿ ಮೇಲೆ ಕಾಲಿಟ್ಟು ಫೋಟೊ ತೆಗೆಸ್ಕೊಂಡರು. ಅವರು ಮಾಡಿದ್ದು ಶಿಕಾರಿ, ನಮ್ಮವರು ಮಾಡಿದ್ದು ಕಳ್ಳಬೇಟೆ.

1936ರಲ್ಲಿ 'ಜಾತಿ ವಿನಾಶ'ದಲ್ಲಿ ಬಾಬಾಸಾಹೇಬರು ಒಂದು ಪ್ರಶ್ನೆ ಎತ್ತುತ್ತಾರೆ. ಇಷ್ಟೊಂದು ಅನ್ಯಾಯ ಆದರೂ ಈ ದೇಶದ ಕೆಳಜಾತಿಗಳು ಯಾಕೆ ದಂಗೆ ಏಳಲಿಲ್ಲ? ಚಾತುರ್ವರ್ಣ್ಯ ಅವರ ಕೈಗೆ ಆಯುಧ, ವಿದ್ಯೆ ಎರಡೂ ಸಿಗದ ಹಾಗೆ ಮಾಡಿತ್ತು ಅನ್ನೋದು ಅವರ ಉತ್ತರದ ಸಾರ. ಇಂಗ್ಲೆಂಡಿನಲ್ಲಿ 1390ರಲ್ಲಿ ಕಾಗದದ ಮೇಲೆ ಬರೆದದ್ದನ್ನ ಇಲ್ಲಿ ಹುಟ್ಟಿನ ಮೇಲೇ ಬರೆದಿದ್ದರು. ಅಲ್ಲಿಯವನು ದುಡ್ಡು ಮಾಡಿ 100 ಪೌಂಡಿನ ಗೆರೆ ದಾಟಬಹುದಿತ್ತು. ಇಲ್ಲಿ ದಾಟೋದೆಲ್ಲಿಗೆ?

ನಮ್ಮ ಮನೆ ಕತೆ ಒಂದು ಹೇಳ್ತೀನಿ. ನಮ್ಮ ತಾತ ಮಲೆನಾಡಿನ ಒಂದು ಕಾಫಿ ತೋಟದಲ್ಲಿ ಆಳು. ಬೇಟೆಗೆ ಹೋದರೆ ನಮ್ಮವರು ಹಳು ನುಗ್ಗೋರು, ಮುಳ್ಳು ಪೊದೆಯೊಳಗೆ ಕೂಗ್ತಾ ಹಂದಿ ಎಬ್ಬಿಸೋರು. ಕೋವಿ ಇದ್ದ ಗೌಡರು ಬಿಲ್ಲಿಗೆ ನಿಲ್ಲೋರು. ಹೌದು, ಕೋವಿ ಬಂದು ಎಷ್ಟು ಕಾಲ ಆದರೂ ನಿಲ್ಲೋ ಜಾಗಕ್ಕೆ 'ಬಿಲ್ಲು' ಅಂತಲೇ ಹೆಸರು. ತಾತ ನಲವತ್ತು ವರ್ಷ ಹಳು ನುಗ್ಗಿದರು. ಒಂದು ದಿನವೂ ಬಿಲ್ಲಿಗೆ ನಿಲ್ಲಲಿಲ್ಲ. ಹಂದಿ ತಿವಿದ ಗುರುತು ತೊಡೆ ಮೇಲೆ ಕೊನೇತನಕ ಇತ್ತು.

ನಾನು ಚಿಕ್ಕವನಿದ್ದಾಗ ತಾತ ಒಂದು ಮೊಲಕ್ಕೆ ಉರುಳು ಹಾಕಿದ್ದಕ್ಕೆ ಹಿಡ್ಕೊಂಡು ಹೋದರು. ಎರಡು ದಿನ ಕೂರಿಸಿ, ಹೊಡೆದು, ದಂಡ ಕಟ್ಟಿಸಿ ಕಳಿಸಿದರು. ಬಿಡಿಸಿಕೊಂಡು ಬರೋಕೆ ಅಪ್ಪ ಗೌಡರ ಮನೆಗೆ ಹೋಗಿ ಕೈಕಟ್ಟಿ ನಿಂತಿದ್ದರಂತೆ. ಆ ಮನೆಯ ಜಗಲಿಯ ಗೋಡೆಯಲ್ಲಿ ಮೂರು ಜೊತೆ ಕಡವೆ ಕೊಂಬು. ಹಿಡಿದುಕೊಂಡು ಹೋಗಿದ್ದ ಸಿಬ್ಬಂದಿಯೇ ಅದೇ ಕೊಂಬಿನ ಕೆಳಗೆ ಕೂತು ಕಾಫಿ ಕುಡೀತಿದ್ದ. ಅಪ್ಪ ಇದನ್ನ ಹೇಳುವಾಗೆಲ್ಲ ಹೊಡೆತದ ಬಗ್ಗೆ ಹೇಳ್ತಿರಲಿಲ್ಲ, ಆ ಕಾಫಿ ಲೋಟದ ಬಗ್ಗೆ ಹೇಳೋರು.

1972ರ ವನ್ಯಜೀವಿ ಕಾಯ್ದೆ 'ಆಯುಧ' ಅಂದ್ರೇನು ಅಂತ ಪಟ್ಟಿ ಕೊಡುತ್ತೆ: ಬಿಲ್ಲುಬಾಣ, ಬಂದೂಕು, ಚಾಕು, ಬಲೆ, ಉರುಳು, ಬೋನು, ವಿಷ, ಗಾಳ. ಕಾಗದದ ಮೇಲೆ ಇದು ಎಲ್ಲರಿಗೂ ಒಂದೇ. ಮಹಾರಾಜರ ಶಿಕಾರಿಯನ್ನೂ ನಿಲ್ಲಿಸಿದ್ದು ಇದೇ ಕಾಯ್ದೆ, ಅದನ್ನ ಮರೀಬಾರದು. 2006ರ ಅರಣ್ಯ ಹಕ್ಕು ಕಾಯ್ದೆ ಕಾಡಿನ ಜನರಿಗೆ ಎಷ್ಟೋ ಹಕ್ಕು ಕೊಟ್ಟರೂ ಬೇಟೆಯ ಹಕ್ಕನ್ನ ಹೊರಗಿಟ್ಟಿದೆ. ನಾನು ಅದನ್ನ ವಾಪಸ್ ಕೊಡಿ ಅಂತ ಕೇಳ್ತಿಲ್ಲ. ಉಳಿದಿರೋದು ಸ್ವಲ್ಪ ಕಾಡು, ಅದರಲ್ಲಿ ಸ್ವಲ್ಪ ಪ್ರಾಣಿ. ಅವೂ ಇಲ್ಲಿನ ನಿವಾಸಿಗಳೇ. ಆದರೆ ಕಾನೂನು ಒಂದೇ ಆದರೆ ಕಣ್ಣೂ ಒಂದೇ ಆಗಬೇಕು. ಉರುಳಿನ ತಂತಿ ಕಾಣೋ ಕಣ್ಣಿಗೆ ಜಗಲಿಯ ಕೊಂಬೂ ಕಾಣಬೇಕು.

ಹುಟ್ಟು ನೋಡಿ ಬರೆದ ಆಯುಧ ನಿಯಮ ಇವತ್ತಿಗೂ ನಮ್ಮ ರಾಜ್ಯದಲ್ಲಿದೆ. ಕೊಡಗಿನಲ್ಲಿ ಕೊಡವ ಜನಾಂಗದವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬಂದೂಕು ಲೈಸೆನ್ಸಿನಿಂದ ವಿನಾಯಿತಿ ಇದೆ. ಬ್ರಿಟಿಷರ ಕಾಲದ್ದು, ಕೇಂದ್ರ ಸರ್ಕಾರ 2029ರ ತನಕ ಮುಂದುವರಿಸಿದೆ, ಹೈಕೋರ್ಟು 2021ರಲ್ಲಿ ಎತ್ತಿಹಿಡಿದಿದೆ. ಅವರಿಗೆ ಕೋವಿ ಅಂದ್ರೆ ಪೂಜೆ, ಹಬ್ಬ, ಹುಟ್ಟು, ಸಾವು ಎಲ್ಲದರ ಭಾಗ. ಆ ಸಂಸ್ಕೃತಿ ಬಗ್ಗೆ ನನಗೆ ತಕರಾರಿಲ್ಲ, ಅವರ ಕೋವಿ ಕಿತ್ಕೊಳ್ಳಿ ಅಂತಲೂ ಹೇಳ್ತಿಲ್ಲ. ಅದೇ ಜಿಲ್ಲೆಯ ತೋಟದ ಲೈನ್‌ಮನೆಗಳಲ್ಲಿರೋ ಯರವರ, ಜೇನುಕುರುಬರ ಬಿಲ್ಲಿಗೂ ಸಂಸ್ಕೃತಿ ಅನ್ನೋ ಹೆಸರು ಯಾಕೆ ಸಿಗಲಿಲ್ಲ ಅಂತ ಕೇಳ್ತಿದ್ದೀನಿ ಅಷ್ಟೇ.

*

ಕೊನೆಗೆ ಏಕಲವ್ಯ.

ದ್ರೋಣ ಮರದ ಮೇಲೆ ಹಕ್ಕಿ ಇಟ್ಟು ಶಿಷ್ಯರನ್ನ ಪರೀಕ್ಷೆ ಮಾಡಿದ ಕತೆ ಎಲ್ಲರಿಗೂ ಗೊತ್ತು. ಏನು ಕಾಣ್ತಿದೆ ಅಂದರೆ ಅರ್ಜುನ ಹಕ್ಕಿಯ ಕಣ್ಣು ಮಾತ್ರ ಅಂದ. ಅವನ ಗುರಿಗೆ ಹೊಗಳಿಕೆ ಸಿಕ್ಕಿತು. ಗುರುವೇ ಇಲ್ಲದೆ, ಮಣ್ಣಿನ ಗೊಂಬೆ ಮುಂದೆ ಅದೇ ಗುರಿಯನ್ನ ಕಲಿತ ಬೇಡರ ಹುಡುಗನ ಹೆಬ್ಬೆರಳು ಹೋಯ್ತು. ಬಿಲ್ಲನ್ನ ಕಿತ್ಕೊಳ್ಳಲಿಲ್ಲ ನೋಡಿ. ಬಿಲ್ಲು ಇನ್ನೊಂದು ಮಾಡ್ಕೊಬಹುದು. ಬೆರಳು? ಅದಕ್ಕೇ ಆ ಅಡ್ಡಬಿಲ್ಲುಗಾರರು ಹೆಬ್ಬೆರಳನ್ನೇ ಸೈಟು ಮಾಡ್ಕೊಂಡಿದ್ರು ಅಂತ ಓದಿದಾಗ ನಾನು ಪುಸ್ತಕ ಮುಚ್ಚಿದ್ದು.

ಆ ಹುಡುಗನಿಗೆ ಮತ್ತೆ ಫೋನ್ ಮಾಡಿದೆ. ಹೇಳಿದ್ದಿಷ್ಟು: ತಮ್ಮಾ, ಆ ಕ್ರಾಸ್‌ಬೋ ತರಬೇಡ. ಹಂದಿ ಹೊಡೆದರೆ ಕೇಸು, ಗಾಯ ಆದ ಹಂದಿ ಇನ್ನೊಬ್ಬರ ಮೇಲೆ ಬಿದ್ದರೆ ಜೀವ. ಬೆಳೆಹಾನಿ ಪರಿಹಾರಕ್ಕೆ ಅರ್ಜಿ ಹಾಕು, ನಾನೂ ಜೊತೆಗೆ ಬರ್ತೀನಿ. ಪಹಣಿ ಅಪ್ಪನ ಹೆಸರಿಗೆ ಇಲ್ಲ ಅಂತ ತಿರುಗಿಸಿ ಕಳಿಸಿದರೆ ಅಲ್ಲೇ ಕೂರೋಣ. ಆದರೆ ನೀನು ಕೇಳಿದ ಪ್ರಶ್ನೆ ಬಿಡಬೇಡ. ಇನ್ಮೇಲೆ ಯಾವ ನಿಯಮ ಕಂಡರೂ ಮೂರು ಪ್ರಶ್ನೆ ಕೇಳು. ಇದು ಮಾಡೋ ಕೆಲಸವನ್ನ ತಡೆಯುತ್ತಾ, ಮಾಡೋ ಮನುಷ್ಯನನ್ನ ತಡೆಯುತ್ತಾ? ಇದನ್ನ ಬರೆಯುವಾಗ ನಮ್ಮವರು ಆ ಕೋಣೆಯಲ್ಲಿದ್ರಾ? ಇದರಲ್ಲಿ ಸಿಕ್ಕಿಬೀಳೋರು ಯಾರು, ತಪ್ಪಿಸಿಕೊಳ್ಳೋರು ಯಾರು?

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಣ್ಣಾ, ಲಾ ಓದೋಕೆ ಎಷ್ಟು ಪರ್ಸೆಂಟ್ ಬೇಕು?" ಅಂದ.

ಬಾಬಾಸಾಹೇಬರು ನಮ್ಮ ಕೈಗೆ ಕೊಟ್ಟು ಹೋಗಿದ್ದು ಪೆನ್ನು. ಅದನ್ನ ಹಿಡಿಯೋಕೂ ಹೆಬ್ಬೆರಳು ಬೇಕು. ಈ ಸಲ ಯಾರು ಕೇಳಿದರೂ ಕೊಡಬೇಡಿ.

ನಿಮ್ಮ ಮನೆಯ ಹಿರಿಯರು ಹಳು ನುಗ್ಗಿದ್ದು, ಉರುಳಿಗೆ ಸಿಕ್ಕಿ ಹೊಡೆತ ತಿಂದದ್ದು, ಪಾಲು ಕೇಳಿ ಬೈಸ್ಕೊಂಡಿದ್ದು ಏನೇ ನೆನಪಿದ್ದರೂ ಬರೀರಿ. ಬರೆಯೋಕೆ ಬರದಿದ್ದರೆ ಅವರ ಬಾಯಲ್ಲೇ ರೆಕಾರ್ಡ್ ಮಾಡಿ ಕಳಿಸಿ. ನಮ್ಮ ಓದುಬಳಗದ ಹುಡುಗರು ಕೂತು ಬರ್ಕೊಳ್ತಾರೆ. ಆ ವಯಸ್ಸಿನವರು ಇನ್ನು ಹೆಚ್ಚು ದಿನ ನಮ್ಮ ಜೊತೆ ಇರಲ್ಲ.

ಜೈ ಭೀಮ್.